ನನ್ನ ಹೆಂಡತಿಯ ಫೋನಿನಲ್ಲಿ ಅವನ ಆಪ್

ಈಚೆಗೆ ಒಂದು ಭಾನುವಾರ ಬೆಳಗ್ಗೆ. ನಾನು ಇನ್ನೊಂದು ದೋಸೆಗೆ ಕಾಯುತ್ತಾ ಕೂತಿದ್ದೆ. ಅಡುಗೆಮನೆಯ ಕಿಟಕಿಯ ಮೇಲಿಟ್ಟಿದ್ದ ಮಂಜುಳಾಳ ಫೋನು ‘ಟಿಳ್’ ಎಂದಿತು. ತುಂಬಿದ ಕೊಡಕ್ಕೆ ಒಂದು ಹನಿ ಬಿದ್ದಂಥ ಸದ್ದು. ಅವಳು ಸ್ಟವ್ ಆರಿಸಿ, ಪೈಪ್ ಎತ್ತಿಕೊಂಡು ಗೇಟಿನ ಕಡೆ ಓಡಿದಳು.

ಆಮೇಲೆ ನನ್ನ ಜೇಬಿನ ಫೋನು ಬಡಿದುಕೊಂಡಿತು. ಅದು ನನ್ನ ಆಪ್‌ನ ಸದ್ದು. ಥೇಟ್ ಕಾರ್ಖಾನೆಯ ಸೈರನ್.

ಅರ್ಥವಾಯಿತಲ್ಲ? ನಲ್ಲಿಗೆ ನೀರು ಬಂದ ಸುದ್ದಿಯನ್ನು ನನ್ನ ಹೆಂಡತಿಗೆ ಹೇಳಿದ್ದು ನಾನು ಮಾಡಿದ ಆಪ್ ಅಲ್ಲ.

ಬೇರೊಬ್ಬ ಗಂಡಸು ಮಾಡಿದ್ದು.

ದೋಸೆ ಕಾವಲಿಯ ಮೇಲೇ ಉಳಿಯಿತು. ನನ್ನ ಹಸಿವು ಎಲ್ಲೋ ಹೋಯಿತು.

ಈ ಅಂಕಣವನ್ನು ಬಿಡದೆ ಓದುವವರಿಗೆ ನನ್ನ ಪರಿಚಯ ಬೇಕಿಲ್ಲ. ಹೊಸಬರಿಗಾಗಿ ಹೇಳುತ್ತೇನೆ. ನಾನು ಹೊಸೂರಿನ ಒಂದು ಲಾರಿ ಕಾರ್ಖಾನೆಯಲ್ಲಿ ಕ್ವಾಲಿಟಿ ವಿಭಾಗದವನು. ಬೇರೆಯವರು ಮಾಡಿದ್ದರಲ್ಲಿ ತಪ್ಪು ಹುಡುಕುವುದಕ್ಕೆ ನನಗೆ ಸಂಬಳ ಕೊಡುತ್ತಾರೆ. ಮನೆ ಅವಲಪಲ್ಲಿಯಲ್ಲಿ. ಸಾಫ್ಟ್‌ವೇರ್ ನನ್ನ ಕಸುಬಲ್ಲ. ಕೆಲವರು ಇಸ್ಪೀಟಾಡುತ್ತಾರೆ, ಕೆಲವರು ಹಳೇ ಬೈಕು ಬಿಚ್ಚಿ ಜೋಡಿಸುತ್ತಾರೆ. ನಾನು ಕೋಡ್ ಬರೆಯುತ್ತೇನೆ. ವೀಡಿಯೊ ನೋಡಿ ಕಲಿತ ವಿದ್ಯೆ.

ನಮ್ಮ ಬೀದಿಯ ನಲ್ಲಿ ನೀರಿಗೆ ಹೊತ್ತುಗೊತ್ತಿಲ್ಲ. ಕರೆಂಟು ಹೋದರೆ ಪಂಪ್ ನಿಲ್ಲುತ್ತದೆ, ಪಂಪ್ ನಿಂತರೆ ನಮ್ಮ ಸರದಿ ಮುಂದಕ್ಕೆ ಹೋಗುತ್ತದೆ. ಬಂದಾಗ ಗೇಟಿನ ಹತ್ತಿರದ ನಲ್ಲಿಗೆ ಪೈಪ್ ಸಿಕ್ಕಿಸಿ ಸಂಪಿಗೆ ಬಿಟ್ಟುಕೊಳ್ಳಬೇಕು. ಆ ಹೊತ್ತು ತಪ್ಪಿದರೆ ಟ್ಯಾಂಕರೇ ಗತಿ. ಅದಕ್ಕಾಗಿ ನಾನೊಂದು ಆಪ್ ಮಾಡಿದೆ. ಹೆಸರು ‘ನೀರು ಬಂತು’. ಬೀದಿಯ ತಗ್ಗಿನಲ್ಲಿರುವ ಮೊದಲ ಮನೆ ರುಕ್ಕಮ್ಮನವರದು. ನೀರು ಮೊದಲು ಬರುವುದು ಅಲ್ಲಿಗೇ. ಅವರು ನಲ್ಲಿಯನ್ನು ಮುಚ್ಚುವುದೇ ಇಲ್ಲ, ಕೆಳಗೊಂದು ಸ್ಟೀಲ್ ಬಿಂದಿಗೆ ಇಟ್ಟಿರುತ್ತಾರೆ. ಬಿಂದಿಗೆ ಸದ್ದು ಮಾಡಿದ ಕೂಡಲೇ ಆಪ್ ತೆಗೆದು ಕೆಂಪು ಗುಂಡಿ ಒತ್ತುತ್ತಾರೆ. ಒತ್ತಿದರೆ ಬೀದಿಯ ಎಲ್ಲರ ಫೋನಿನಲ್ಲೂ ಸೈರನ್.

ಅಷ್ಟೇ ಅಲ್ಲ. ಹಿಂದಿನ ಲೆಕ್ಕ ಹಿಡಿದು ಮುಂದಿನ ನೀರು ಯಾವಾಗ ಬರಬಹುದು ಎಂದು ಅಂದಾಜು ಹೇಳುತ್ತದೆ. ಅದಕ್ಕೆ ಕನ್ನಡ, ತಮಿಳು, ತೆಲುಗು ಮೂರೂ ಬರುತ್ತವೆ. ಮೂಲೆಗೆ ಎಸೆದ ಹಳೇ ಫೋನಿನಲ್ಲೂ ಓಡುತ್ತದೆ. ಇನ್ನೇನು ಬೇಕು?

ನೋಡಲು ಹೇಗಿತ್ತು ಎಂದು ಕೇಳುತ್ತಿದ್ದೀರಾ? ಬೂದು ಬಣ್ಣ. ಸಾಲು ಸಾಲು ಅಂಕಿ. ನಡುವೆ ಅಂಗೈಯಗಲದ ಕೆಂಪು ಗುಂಡಿ. ಮೊದಲ ದಿನವೇ ಮಂಜುಳಾ ಹೇಳಿದ್ದಳು: “ರೇಷನ್ ಕಾರ್ಡ್ ಇದ್ದಂಗೈತೆ.” ನಾನು ಅದನ್ನು ಹೊಗಳಿಕೆ ಎಂದೇ ತೆಗೆದುಕೊಂಡಿದ್ದೆ. ರೇಷನ್ ಕಾರ್ಡಿಗಿಂತ ಕೆಲಸಕ್ಕೆ ಬರುವ ವಸ್ತು ಯಾವುದಿದೆ ಹೇಳಿ.

ಹೀಗಿರುವಾಗ ಮೇಲಿನ ತಿರುವಿನ ಮನೆಗೆ ದಿನೇಶ ಬಂದ. ಕೃಷ್ಣಗಿರಿ ಕಡೆಯವನು. ಕೈಗಡಿಯಾರದ ಕಾರ್ಖಾನೆಯಲ್ಲಿ ಡಯಲ್ ವಿಭಾಗ. ಒಂದು ದಿನ ಬಾಗಿಲಿಗೇ ಬಂದು ಕೇಳಿದ: “ಸಾರ್, ನಿಮ್ಮ ಆಪ್‌ನಿಂದ ನೀರಿನ ಸುದ್ದಿ ಮಾತ್ರ ತಗೊಂಡು ನಾನೊಂದು ಚಿಕ್ಕ ಆಪ್ ಮಾಡ್ಲಾ? ಸುಮ್ನೆ, ಹಾಬಿ.” ನಾನು ದೊಡ್ಡ ಮನುಷ್ಯನಂತೆ ತಲೆಯಾಡಿಸಿದೆ. ಮಾಡಪ್ಪ, ಧಾರಾಳವಾಗಿ ಮಾಡು. ಅವನು ಏನು ಮಾಡಿಯಾನು ಎಂಬ ಧೈರ್ಯ.

ಅವನು ಮಾಡಿದ. ಹೆಸರು ‘ತುಳಿ’. ತಮಿಳಿನಲ್ಲಿ ಹನಿ ಎಂದರ್ಥ. ಕನ್ನಡದಲ್ಲಿ ಏನರ್ಥ ಎಂದು ನಿಮಗೆ ಗೊತ್ತು. ನನಗೆ ಅದು ಕನ್ನಡದ ಅರ್ಥದಲ್ಲೇ ತಾಗಿತು.

ಆ ಆಪ್‌ನಲ್ಲಿ ಏನಿದೆ? ಏನೂ ಇಲ್ಲ. ಬಿಳಿ ಪರದೆ, ನಡುವೆ ಒಂದು ನೀಲಿ ಹನಿ. ನೀರು ಬಂದಾಗ ಹನಿ ಕೆಳಗಿನಿಂದ ಮೆಲ್ಲಗೆ ತುಂಬುತ್ತದೆ. ‘ಟಿಳ್’ ಎನ್ನುತ್ತದೆ. ಮುಗಿಯಿತು. ಅಂದಾಜಿಲ್ಲ, ಅಂಕಿಯಿಲ್ಲ. ಬೀದಿಗೆ ಬೀದಿಯೇ ಅದನ್ನು ಹಾಕಿಕೊಂಡಿತು. ನನ್ನ ಮನೆ ಸೇರಿ.

ಮಂಜುಳಾ ಸಂಪು ತುಂಬಿಸಿ ಒಳಗೆ ಬಂದಳು.

“ಯಾವತ್ತಿಂದ?” ಎಂದೆ.

“ಏನ್ರೀ ಯಾವತ್ತಿಂದ?”

“ಅವನ ಆಪ್.”

“ಓ, ಅದಾ? ಶಾನೆ ದಿನ ಆಯ್ತು. ನಿಮ್ದು ಕೂಗಿದ್ರೆ ಎದೆ ಧಸಕ್ ಅಂತದೆ ಕಣ್ರೀ. ಯಾರಿಗೇನಾಯ್ತೋ ಅಂತ. ಇದು ನೋಡಕ್ಕೂ ಸುಖವಾಗೈತೆ, ಕೇಳಕ್ಕೂ ಸುಖವಾಗೈತೆ.”

ಸುಖ! ನೀರಿನ ಸುದ್ದಿಗೆ ಸುಖ ಯಾಕೆ ಬೇಕು? ಸುದ್ದಿ ನನ್ನದು, ಲೆಕ್ಕ ನನ್ನದು, ಸುಖ ಮಾತ್ರ ಅವನದಾ? (ನನ್ನಿಂದ ಹೊರಟ ಸುದ್ದಿ ನನಗಿಂತ ಮೊದಲು ಅವನ ಆಪ್‌ಗೆ ಹೇಗೆ ಮುಟ್ಟಿತು ಎಂಬುದು ಇವತ್ತಿಗೂ ತಿಳಿದಿಲ್ಲ. ನೆಟ್‌ವರ್ಕಿಗೂ ಚಂದದವರೇ ಬೇಕೇನೋ.)

ಆ ಮಧ್ಯಾಹ್ನ ಯಾರಿಗೂ ಹೇಳದೆ ‘ತುಳಿ’ಯನ್ನು ನನ್ನ ಫೋನಿಗೆ ಹಾಕಿಕೊಂಡೆ. ಕಾರ್ಖಾನೆಯಲ್ಲಿ ಲಾರಿಯ ಬ್ರೇಕು ನೋಡುವ ಕಣ್ಣಿನಲ್ಲೇ ನೋಡಿದೆ. ಒತ್ತಿದೆ, ಎಳೆದೆ, ಮುಚ್ಚಿದೆ, ತೆರೆದೆ. ಹಾಳಾದ್ದು ಎಲ್ಲೂ ಸಿಕ್ಕಿಬೀಳಲಿಲ್ಲ. ಕೊನೆಗೆ ಕನ್ನಡಕ್ಕೆ ಬದಲಾಯಿಸಿದೆ. ಹನಿಯ ಕೆಳಗೆ ಬಂತು: ‘ನಿರು ಬಂದಿದೆ’.

ನಿರು! ದೀರ್ಘ ಇಲ್ಲ!

ನನಗಾದ ಸಂತೋಷವನ್ನು ಹೇಗೆ ವರ್ಣಿಸಲಿ? ಫೋನು ಹಿಡಿದುಕೊಂಡು ಮಂಜುಳಾಳ ಹತ್ತಿರ ಓಡಿದೆ. ಅವಳು ಸೊಪ್ಪು ಬಿಡಿಸುತ್ತಿದ್ದಳು. ನೋಡಿದಳು.

“ನೀರು ಬಂದ್ರೆ ಸಾಕಲ್ವಾ? ದೀರ್ಘ ಬರ್ದೇ ಇದ್ರೆ ಏನೀಗ?”

ಕನ್ನಡ ಗಡಿಯಲ್ಲಿ ಹೇಗೆ ಸೊರಗುತ್ತದೆ ಎಂದು ಕೇಳುವವರಿಗೆ ನಮ್ಮ ಅಡುಗೆಮನೆಯಲ್ಲೇ ಉತ್ತರವಿದೆ. ದಿನೇಶನಿಗೆ ಆ ತಪ್ಪು ಹೇಳಬಹುದಿತ್ತು. ಹೇಳಲಿಲ್ಲ. ಇರಲಿ, ಅದೊಂದಾದರೂ ಇರಲಿ ಎಂದುಕೊಂಡೆ.

ಅವನನ್ನು ದ್ವೇಷಿಸಲು ನಾನು ಪ್ರಾಮಾಣಿಕವಾಗಿ ಪ್ರಯತ್ನಪಟ್ಟೆ. ಅವನೇ ಬಿಡಲಿಲ್ಲ. ಸಂಜೆ ಅಂಗಡಿಗೆಂದು ಅವನ ಮನೆ ಮುಂದೆ ಮುಖ ತಿರುಗಿಸಿಕೊಂಡು ಹೋಗುತ್ತಿದ್ದರೆ, “ಸಾರ್, ವಾಂಗ ವಾಂಗ, ಕಾಫಿ ಕುಡ್ದು ಹೋಗಿ” ಎಂದು ಗೇಟು ತೆಗೆಯುತ್ತಾನೆ. ಹೆಂಡತಿಗೆ ನನ್ನನ್ನು ತೋರಿಸಿ, “ಇವರೇ. ಇವರ ಆಪ್ ಇಲ್ಲಾಂದ್ರೆ ನಂದು ಬರೀ ಬೊಂಬೆ” ಎನ್ನುತ್ತಾನೆ. ಕಾಫಿಯೂ ಚೆನ್ನಾಗಿರುತ್ತದೆ. ಹೀಗೆಲ್ಲ ಮಾಡಿದರೆ ಮನುಷ್ಯ ಹೊಟ್ಟೆಕಿಚ್ಚನ್ನು ಎಲ್ಲಿ ಇಟ್ಟುಕೊಳ್ಳಬೇಕು?

ನಾನು ಆಪ್‌ನಲ್ಲೇ ಇಟ್ಟೆ. ನನ್ನದನ್ನೂ ಚಂದ ಮಾಡುತ್ತೇನೆ, ಅವನದಕ್ಕಿಂತ ಚಂದ ಮಾಡುತ್ತೇನೆ ಎಂದು ಹಟ ತೊಟ್ಟೆ.

ರಜೆ ಬಂದರೆ ಲ್ಯಾಪ್‌ಟಾಪ್, ಮೊದಲ ಶಿಫ್ಟ್ ಮುಗಿದರೆ ಲ್ಯಾಪ್‌ಟಾಪ್. ಸೂಳಗಿರಿಯಲ್ಲಿ ಮಂಜುಳಾಳ ಅಣ್ಣನ ಮನೆಗೆ ಹೋದಾಗಲೂ, ಅವರು ಕೊತ್ತಂಬರಿ ತೋಟ ತೋರಿಸುತ್ತಿದ್ದರೆ ನಾನು ಅವರ ಕೃಷಿಹೊಂಡದ ಪ್ಲಾಸ್ಟಿಕ್ ಹಾಳೆಯ ನೀಲಿಯನ್ನು ನೋಡುತ್ತಿದ್ದೆ. ನೀಲಿಯಲ್ಲಿ ಇಷ್ಟೊಂದು ನೀಲಿಗಳಿವೆ ಎಂದು ನನಗೆ ಗೊತ್ತಿರಲಿಲ್ಲ. ಒಂದನ್ನು ಆರಿಸಿದರೆ ಅದರ ಪಕ್ಕದ್ದು ಕರೆಯುತ್ತದೆ. ಅಂಕಿಗಳನ್ನು ಒಳಗೆ ಬಚ್ಚಿಟ್ಟೆ. ಅವನ ಹನಿಗಿಂತ ದೊಡ್ಡ ಹನಿ ಮಾಡಿದೆ. ಅವನದು ಬರೀ ತುಂಬುತ್ತದಲ್ಲವೇ? ನನ್ನದು ಬೆರಳು ತಾಗಿದರೆ ಅಲೆಅಲೆಯಾಗಿ ಕುಣಿಯುತ್ತದೆ! ಸೈರನ್ ತೆಗೆದು ವೀಣೆಯ ಒಂದು ಮೀಟು ಹಾಕಿದೆ.

ಉಳಿದದ್ದು ಕೆಂಪು ಗುಂಡಿ. ಅಷ್ಟು ನೀಲಿಯ ನಡುವೆ ಅದು ಮದುವೆ ಮನೆಯಲ್ಲಿ ಕೂತ ಕಾನ್‌ಸ್ಟೇಬಲ್‌ನಂತೆ ಕಾಣುತ್ತಿತ್ತು. ಸಣ್ಣದು ಮಾಡಿದೆ. ತಿಳಿನೀಲಿ ಬಳಿದೆ. ಕೆಳಗಿನ ಮೂಲೆಗೆ ತಳ್ಳಿದೆ. ಆಹಾ! ಈಗ ಪರದೆ ಎಷ್ಟು ಪ್ರಶಾಂತ!

ಇದನ್ನು ಇನ್ನೊಬ್ಬರ ಕೈಗೆ ಕೊಟ್ಟು ಪರೀಕ್ಷೆ ಮಾಡಿದೆನಾ? ಇಲ್ಲ. ಕಾರ್ಖಾನೆಯಲ್ಲಿ ಯಾರಾದರೂ ಹೀಗೆ ಟ್ರಯಲ್ ಇಲ್ಲದೆ ಭಾಗ ಬದಲಾಯಿಸಿದ್ದರೆ ಕೆಂಪು ಚೀಟಿ ಅಂಟಿಸಿ ವಾಪಸ್ ಕಳಿಸುತ್ತಿದ್ದೆ. ಆದರೆ ಹೊಟ್ಟೆಕಿಚ್ಚಿಗೆ ಯಾವ ಕ್ವಾಲಿಟಿ ವಿಭಾಗವಿದೆ?

ಮಂಜುಳಾಳಿಗೆ ಮಾತ್ರ ತೋರಿಸಿದೆ. ಹನಿಯನ್ನು ಮುಟ್ಟಿದಳು. ಅಲೆ ಕುಣಿಯಿತು.

“ಚೆನ್ನಾಗೈತೆ ಕಣ್ರೀ,” ಎಂದಳು. ನನ್ನ ಎದೆ ಉಬ್ಬುತ್ತಿರುವಾಗಲೇ ಸೇರಿಸಿದಳು: “ದಿನೇಶಣ್ಣಂದು ಇದ್ದಂಗೇ ಐತೆ.”

ಹಲ್ಲು ಕಚ್ಚಿಕೊಂಡು ಅದನ್ನು ಬೀದಿಗೆಲ್ಲ ಕಳಿಸಿದೆ.

ಅದೇ ವಾರ ದಿನೇಶನ ಮಗಳಿಗೆ ಕಿವಿ ಚುಚ್ಚುವ ಶಾಸ್ತ್ರ. ಶನಿವಾರ ಶಾಸ್ತ್ರ, ಶುಕ್ರವಾರ ಸಂಜೆಗೇ ಕೃಷ್ಣಗಿರಿಯಿಂದ ನೆಂಟರು ಬರುವವರು. ನಮ್ಮನ್ನೂ ಕರೆದಿದ್ದ. ನನ್ನ ಆಪ್‌ನ ಅಂದಾಜಿನ ಪ್ರಕಾರ ಶುಕ್ರವಾರ ನೀರು ಬರಬೇಕು. ಅದನ್ನು ನಾನೇ ಅವನಿಗೆ ಹೇಳಿದ್ದೆ, ಸ್ವಲ್ಪ ಜಂಬದಲ್ಲೇ. ಅದನ್ನು ನಂಬಿ ಅವನು ಟ್ಯಾಂಕರ್ ಹೇಳಿರಲಿಲ್ಲ.

ಶುಕ್ರವಾರ ನಾನು ಮೊದಲ ಶಿಫ್ಟಿನಲ್ಲಿದ್ದೆ. ಊಟದ ಹೊತ್ತಿಗೆ ಮಂಜುಳಾಳ ಫೋನು.

“ನೀರು ಬಂದು ಹೋಗ್ಬುಟ್ಟೈತೆ ಕಣ್ರೀ! ಗೇಟತ್ರ ಹೋದ್ರೆ ನಲ್ಲಿ ಕೆಳಗೆಲ್ಲ ಒದ್ದೆ, ಬೀದೀಲಿ ಒಬ್ರಿಗೂ ಗೊತ್ತಾಗಿಲ್ಲ. ನಾನು ಮಿಕ್ಸಿ ಹಾಕ್ಕೊಂಡಿದ್ದೆ, ಫೋನು ಪಕ್ಕದಾಗೇ ಇತ್ತು.”

“ಯಾಕೆ? ದಿನೇಶನ ಆಪ್ ಕೂಗ್ಲಿಲ್ವಾ?”

ನನ್ನ ದನಿಯಲ್ಲಿದ್ದ ಖುಷಿ ನನಗೇ ಕೇಳಿಸಿತು.

“ಇಲ್ಲ,” ಎಂದಳು. “ನಿಮ್ದೂ ಕೂಗ್ಲಿಲ್ಲ.”

ಹೌದಲ್ಲ. ನನ್ನದು ಕೂಗದಿದ್ದರೆ ಅವನದು ಹೇಗೆ ಕೂಗೀತು? ಫೋನಿನಲ್ಲಿ ಬೀದಿಯವರ ಗ್ರೂಪ್ ತೆಗೆದು ನೋಡಿದೆ. ಬೈಗುಳ ಶುರುವಾಗಿತ್ತು. ‘ತುಳಿ ನಂಬ್ಕೊಂಡು ಕೆಟ್ವಿ.’ ‘ಬಣ್ಣ ನೋಡಿ ಮೋಸ ಹೋದ್ವಿ.’ ಅದರ ಕೆಳಗೆ ದಿನೇಶನ ಮೆಸೇಜು: ‘ಎಲ್ಲರೂ ಕ್ಷಮಿಸಿ. ನನ್ನ ಆಪ್‌ನಲ್ಲೇ ಏನೋ ತಪ್ಪಾಗಿದೆ. ಇವತ್ತೇ ಸರಿ ಮಾಡ್ತೀನಿ.’

ನನ್ನ ಹೆಸರನ್ನು ಯಾರೂ ಎತ್ತಿರಲಿಲ್ಲ. ನನ್ನ ಆಪ್ ಒಂದಿದೆ ಎಂಬುದನ್ನೇ ಬೀದಿ ಮರೆತಿತ್ತು. ಹೇಳಿಬಿಡಲೇ? ಆ ಬೈಗುಳಗಳನ್ನು ನಾನು ಇನ್ನೊಮ್ಮೆ ಓದಿದೆ. ಸತ್ಯ ಹೇಳುತ್ತೇನೆ, ಊಟದ ಮೊಸರನ್ನಕ್ಕಿಂತ ತಂಪಾಗಿದ್ದವು.

ಶಿಫ್ಟ್ ಮುಗಿಸಿ ಬಸ್ಸಿಳಿದು ಮೊದಲು ರುಕ್ಕಮ್ಮನವರ ಮನೆಗೆ ಹೋದೆ. ಜಗಲಿಯ ಮೇಲೆ ಕಾಲು ಚಾಚಿ ಮಂಡಿಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದರು.

“ಯಾಕಮ್ಮಾ, ಇವತ್ತು ಒತ್ತಲಿಲ್ವಾ?”

“ಅಯ್ಯೋ, ಒತ್ದೆ ಕಣಪ್ಪ! ಬಿಂದಿಗೆ ಸದ್ದಾಯ್ತು, ಎದ್ದೆ, ಫೋನ್ ತೆಗ್ದೆ. ಆ ಕೆಂಪು ಗುಂಡಿ ಎಲ್ಲೋಯ್ತೋ, ಕಾಣ್ಲೇ ಇಲ್ಲ. ನಡುವಲ್ಲಿ ಒಂದು ಹನಿ ಕುಂತಿತ್ತು. ಇದೇ ಇರ್ಬೋದು ಅಂತ ಒತ್ದೆ. ಹಂಗೇ ಅಲೆ ಕುಣೀತು ನೋಡು, ಎಷ್ಟು ಚಂದ ಕುಣೀತು! ಹೋಯ್ತು ಬುಡು ಸುದ್ದಿ ಅಂದ್ಕೊಂಡು ಬಂದು ಕುಂತ್ಕೊಂಡೆ.”

ಹನಿಯನ್ನು ಒತ್ತಿದರೆ ಏನೂ ಹೋಗುವುದಿಲ್ಲ. ಅದು ಕುಣಿಯುತ್ತದೆ, ಅಷ್ಟೇ. ಸುದ್ದಿ ಹೋಗುವುದು ಮೂಲೆಯ ತಿಳಿನೀಲಿ ಚುಕ್ಕೆಯಿಂದ. ಅದನ್ನು ಅವರಿಗೆ ತೋರಿಸಿದೆ. ಅವರು ಫೋನನ್ನು ದೂರ ಹಿಡಿದರು, ಹತ್ತಿರ ತಂದರು.

“ಇದಾ? ನಾನು ಎಣ್ಣೆ ಕಲೆ ಅಂದ್ಕೊಂಡಿದ್ದೆ.”

ಅಲ್ಲಿಂದ ಎದ್ದು ಬೀದಿಯಲ್ಲಿ ನಿಂತೆ. ಎಡಕ್ಕೆ ಹೋದರೆ ನಮ್ಮ ಮನೆ. ನೇರ ಹತ್ತಿದರೆ ದಿನೇಶನದು. ಸುಮ್ಮನಿದ್ದರೆ ಏನಾಗುತ್ತಿತ್ತು? ಮೆಲ್ಲಗೆ ಗುಂಡಿಯನ್ನು ವಾಪಸ್ ತಂದಿಟ್ಟಿದ್ದರೆ ಸಾಕಿತ್ತು; ‘ತುಳಿ’ ಕೈಕೊಟ್ಟಿತು ಎಂದು ಬೀದಿ ನಂಬಿ, ಎಲ್ಲರೂ ನನ್ನ ಕಡೆ ಮರಳುತ್ತಿದ್ದರು. ಆ ಆಸೆ ಸಣ್ಣದಾಗಿರಲಿಲ್ಲ. ಆದರೆ ಮೇಲಿನ ತಿರುವಿನಲ್ಲಿ ಅವನು ಏಣಿ ಹತ್ತಿ ತೆಂಗಿನ ಗರಿ ಕಟ್ಟುತ್ತಿದ್ದ. ಕೆಳಗೆ ಅವನ ಹೆಂಡತಿ ಖಾಲಿ ಡ್ರಮ್ಮುಗಳನ್ನು ಉರುಳಿಸಿ ಸಾಲಾಗಿ ನಿಲ್ಲಿಸುತ್ತಿದ್ದಳು, ಒಬ್ಬಳೇ. ಅದನ್ನು ನೋಡಿದ ಮೇಲೆ ಎಡಕ್ಕೆ ಕಾಲು ಹೋಗಲಿಲ್ಲ. (ರುಕ್ಕಮ್ಮ ಸಂಜೆಯೊಳಗೆ ಇಡೀ ಬೀದಿಗೆ ಹೇಳಿಬಿಡುತ್ತಾರೆ ಎಂಬ ಭಯವೂ ನನ್ನ ಪ್ರಾಮಾಣಿಕತೆಗೆ ಸ್ವಲ್ಪ ಸಹಾಯ ಮಾಡಿತು. ಮುಚ್ಚಿಡುವುದೇಕೆ?)

“ದಿನೇಶ, ತಪ್ಪು ನಿನ್ನ ಆಪ್‌ದಲ್ಲ. ನಂದು.”

ಅವನು ಏಣಿ ಇಳಿದ. ಎಲ್ಲ ಹೇಳಿದೆ. ಗುಂಡಿ ಮೂಲೆಗೆ ಹೋದದ್ದು, ರುಕ್ಕಮ್ಮ ಹನಿ ಒತ್ತಿದ್ದು. ಯಾಕೆ ಮಾಡಿದೆ ಎಂಬುದನ್ನು ಮಾತ್ರ ಹೇಳಲಿಲ್ಲ. ಅವನೂ ಕೇಳಲಿಲ್ಲ. ನನ್ನ ಫೋನು ತೆಗೆದುಕೊಂಡು ಹನಿಯನ್ನು ಮುಟ್ಟಿದ. ಅಲೆ ಕುಣಿಯಿತು. ಮತ್ತೆ ಮುಟ್ಟಿದ.

“ಸೂಪರ್ ಸಾರ್ ಈ ಅಲೆ! ಹೆಂಗೆ ಮಾಡಿದ್ರಿ?”

ನೆಂಟರು ದಾರಿಯಲ್ಲಿದ್ದಾರೆ. ಸಂಪು ಒಣಗಿದೆ. ಈ ಮನುಷ್ಯ ಅಲೆ ಹೇಗೆ ಮಾಡಿದೆ ಎಂದು ಕೇಳುತ್ತಿದ್ದಾನೆ! ಆಮೇಲೆ ಕಣ್ಣು ಕಿರಿದು ಮಾಡಿ, ಬಹಳ ಸಂಕೋಚದಿಂದ ಹೇಳಿದ: “ಬ್ಲೂ ಮಾತ್ರ ಸ್ವಲ್ಪ ಜಾಸ್ತಿ ಆಯ್ತು, ತಪ್ಪು ತಿಳ್ಕೋಬೇಡಿ.”

ಅವನು ಬೈದಿದ್ದರೆ ಇಷ್ಟು ಉರಿಯುತ್ತಿರಲಿಲ್ಲ.

ಆಮೇಲಿನ ಕೆಲಸ ಮಂಜುಳಾಳದು. ಸುದ್ದಿ ಕೇಳಿ ಬಂದವಳು ನನ್ನ ಮುಖವನ್ನೂ ನೋಡಲಿಲ್ಲ. “ರುಕ್ಕಮ್ಮನ ಸಂಪು ತುಂಬೈತೆ, ಮೋಟ್ರು ಹಾಕ್ಸಿ. ಮನೆಮನೆ ಪೈಪ್ ತಂದು ಒಂದಕ್ಕೊಂದು ಸೇರ್ಸಿ. ನಿಂತ್ಕೊಂಡು ಏನ್ ನೋಡ್ತೀರಾ?” ಎಂದಳು. ಹಸಿರು ಪೈಪು, ಹಳದಿ ಪೈಪು, ತೋಟದ ಕಪ್ಪು ಪೈಪು. ಸೇರಿಸಿದ ಕಡೆಯೆಲ್ಲ ನೀರು ಚಿಮ್ಮುತ್ತಿತ್ತು, ಹಳೇ ಸೈಕಲ್ ಟ್ಯೂಬು ಸುತ್ತಿ ಬಿಗಿದೆವು. ಬೈದ ಬೀದಿಯವರೇ ಬಂದು ಕೈಹಾಕಿದರು. ಗ್ರೂಪಿನಲ್ಲಿ ನಾನೇ ಬರೆದೆ: ‘ತಪ್ಪು ನನ್ನದು, ದಿನೇಶನದಲ್ಲ.’ ಆಗ ಬಂದ ಮೊದಲ ಉತ್ತರ: ‘ನಿಮ್ಮ ಆಪ್ ಇನ್ನೂ ಇದೆಯಾ ಸಾರ್?’ ನೆಂಟರ ವ್ಯಾನು ತಿರುವಿಗೆ ಬರುವಾಗ ಕೊನೆಯ ಡ್ರಮ್ಮು ತುಂಬುತ್ತಿತ್ತು. ನನ್ನ ಪ್ಯಾಂಟು ಮಂಡಿಯವರೆಗೆ ಒದ್ದೆ.

ಶಾಸ್ತ್ರ ಚೆನ್ನಾಗಿ ಆಯಿತು. ಮಗು ಒಮ್ಮೆ ಕಿರುಚಿ, ಕೈಗೆ ಜಿಲೇಬಿ ಬಂದ ಮೇಲೆ ಮರೆತುಬಿಟ್ಟಿತು.

ಮರುದಿನ ಭಾನುವಾರ ದಿನೇಶ ನಮ್ಮ ಮನೆಯ ಮೆಟ್ಟಿಲ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತ. ನಾನೇ ಕರೆದಿದ್ದೆ. ಕರೆಯುವುದಕ್ಕೆ ಎಷ್ಟು ಉಗುಳು ನುಂಗಿದೆ ಎಂಬುದು ಬೇರೆ ವಿಚಾರ.

“ಹನಿ ತೆಗೀರಿ ಸಾರ್,” ಎಂದ ಮೊದಲಿಗೇ.

“ನಿನ್ನದರಲ್ಲಿ ಇದೆಯಲ್ಲ?”

“ನಂದ್ರಲ್ಲಿ ಒತ್ತೋಕೆ ಏನೂ ಇಲ್ಲ. ಅದು ನೋಡೋ ಆಪ್. ನಿಮ್ದು ಒತ್ತೋ ಆಪ್. ನಮ್ಮ ಡಯಲ್ ಕೆಲಸದಲ್ಲಿ ಮೊದ್ಲು ನೋಡೋದೇ ಅದು ಸಾರ್. ಮುಳ್ಳು ಕಾಣುತ್ತಾ, ಇಲ್ವಾ ಅಂತ. ಮಿನುಗು ಆಮೇಲೆ.”

ಇಷ್ಟು ದಿನ ಚಂದ ಎಂದರೆ ಮೇಲೆ ಹಚ್ಚುವುದು ಎಂದುಕೊಂಡಿದ್ದೆ. ಅವನು ಏನನ್ನೂ ಹಚ್ಚಲಿಲ್ಲ. ತೆಗೆದ. ನನ್ನ ಹನಿ ಹೋಯಿತು, ನಾನು ಸೂಳಗಿರಿಯ ಹೊಂಡದಿಂದ ಆರಿಸಿ ತಂದ ನೀಲಿ ಹೋಯಿತು. ಹಳೇ ಬೂದು ಬಣ್ಣವೇ ಬಂತು, ಸ್ವಲ್ಪ ಬೆಚ್ಚಗಾಗಿ. ಅಂಕಿಗಳಲ್ಲಿ ಒಂದೇ ಒಂದು ಉಳಿಯಿತು, ಮುಂದಿನ ನೀರಿನ ಅಂದಾಜು, ದಪ್ಪ ಅಕ್ಷರದಲ್ಲಿ. ಕೆಂಪು ಗುಂಡಿ ನಡುವಿಗೆ ಮರಳಿತು. ಅದರ ಸುತ್ತ ಅವನು ಖಾಲಿ ಜಾಗ ಬಿಟ್ಟ. ಏನೂ ಇಲ್ಲದ ಜಾಗ. ಅದೇ ಗುಂಡಿ, ನಾನೇ ಮಾಡಿದ ಗುಂಡಿ, ಈಗ ಕಣ್ಣು ಬೇರೆಡೆಗೆ ಹೋಗಲು ಬಿಡುತ್ತಿರಲಿಲ್ಲ. ಸದ್ದು ಮಾತ್ರ ನಾನು ಗೆದ್ದೆ. ವೀಣೆ ಹೋಗಿ ಸೈರನ್ ಮರಳಿತು, ಆದರೆ ಮೆಲ್ಲಗೆ ಶುರುವಾಗಿ ಏರುವಂತೆ. ಕಾಫಿ ಆರುವ ಮೊದಲೇ ಎಲ್ಲ ಮುಗಿಸಿ, “ಸರಿಯಾ ಸಾರ್?” ಎಂದು ಕೇಳಿದ.

ನಾನು ಅಷ್ಟು ವಾರ ಮಾಡಿದ್ದನ್ನು!

ಮೊದಲು ನನಗಿದ್ದದ್ದು ಅವನಿಗೆ ಸಿಕ್ಕ ಹೊಗಳಿಕೆಯ ಮೇಲಿನ ಹೊಟ್ಟೆಕಿಚ್ಚು. ಅದು ಸುಲಭ, ಹೊಗಳುವವರಿಗೆ ಬುದ್ಧಿಯಿಲ್ಲ ಎಂದುಕೊಂಡರೆ ಆಯಿತು. ಈಗ ಅವನ ಕಣ್ಣಿನ ಮೇಲೆ ಹೊಟ್ಟೆಕಿಚ್ಚು. ಇದಕ್ಕೆ ಅಂಥ ಸಮಾಧಾನವಿಲ್ಲ.

ಈ ಸಲ ಪರೀಕ್ಷೆ ತಪ್ಪಿಸಲಿಲ್ಲ. ಫೋನನ್ನು ರುಕ್ಕಮ್ಮನವರ ಕೈಗೇ ಕೊಟ್ಟೆ. ಪಾತ್ರೆ ತೊಳೆಯುತ್ತಿದ್ದವರು ಒದ್ದೆ ಬೆರಳಲ್ಲೇ ಒತ್ತಿದರು. ಮೇಲಿನ ಮನೆಗಳಿಂದ ಸೈರನ್ ಒಂದರ ಹಿಂದೊಂದು ಎದ್ದಿತು. ಯಾರೋ ಪೈಪು ಹಿಡಿದು ಓಡಿಯೂ ಬಂದರು.

“ಇದು ಸರಿ ಕಣಪ್ಪ ನಾಗರಾಜ. ಕಣ್ಣಿಗೂ ಕಾಣ್ತದೆ, ಬೆರಳಿಗೂ ಸಿಗ್ತದೆ. ಯಾರು ಮಾಡಿದ್ದು?”

ಗುಂಡಿ ನನ್ನದು, ಕೋಡ್ ನನ್ನದು, ಸೈರನ್ ನನ್ನದು. ಎಲ್ಲ ನಾಲಿಗೆಯ ತುದಿಯವರೆಗೆ ಬಂತು.

“ದಿನೇಶ,” ಎಂದೆ.

“ಅದಕ್ಕೇ!” ಎಂದರು ರುಕ್ಕಮ್ಮ.

ಅವನೊಬ್ಬ ಕೆಟ್ಟ ಮನುಷ್ಯನಾಗಿದ್ದರೆ ನನ್ನ ಬದುಕು ಎಷ್ಟು ಹಗುರವಾಗಿರುತ್ತಿತ್ತು! ನೀವೇ ಹೇಳಿ, ಒಳ್ಳೆಯವನ ಮೇಲೆ ಹೊಟ್ಟೆಕಿಚ್ಚು ಪಡುವಷ್ಟು ಕಷ್ಟದ ಕೆಲಸ ಲೋಕದಲ್ಲಿ ಇನ್ನೊಂದಿದೆಯಾ?